ಸೈನಸ್‌ನ ಶಿಲೀಂಧ್ರ ಸೋಂಕು: ಎಂಡೋಸ್ಕೋಪಿ ಶಸ್ತ್ರಚಿಕಿತ್ಸೆ ನಡೆಯುವ ಬಗೆ

ಮೂಗಿನ ಸುತ್ತಲಿನ ಗಾಳಿಗೂಡುಗಳಾದ ಸೈನಸ್‌ಗಳಲ್ಲಿ ಶಿಲೀಂಧ್ರ ಬೆಳೆದಾಗ ವೈದ್ಯರು ಮೊದಲು ತಿಳಿಯಬೇಕಾದದ್ದು, ಅದು ಟೊಳ್ಳಿನಲ್ಲಷ್ಟೇ ಉಳಿದಿದೆಯೇ ಅಥವಾ ಒಳಪೊರೆಯನ್ನು ದಾಟಿ ಅಂಗಾಂಶಕ್ಕೆ ನುಗ್ಗಿದೆಯೇ ಎಂಬುದನ್ನು. ಶಸ್ತ್ರಚಿಕಿತ್ಸೆ ಎಷ್ಟು ವಿಸ್ತಾರವಾಗಿರಬೇಕು, ಎಷ್ಟು ಬೇಗ ಆಗಬೇಕು ಎಂಬುದೆಲ್ಲ ಇದನ್ನೇ ಅವಲಂಬಿಸಿದೆ.

ಅದಕ್ಕಾಗಿ ಬೆಳಕು ಬೀರುವ ತೆಳುವಾದ ದರ್ಶಕ ನಳಿಕೆಯಾದ ಎಂಡೋಸ್ಕೋಪ್‌ನಿಂದ ಮೂಗಿನೊಳಗನ್ನು ನೋಡಿ, ಸಿ.ಟಿ. ಸ್ಕ್ಯಾನ್‌ನಲ್ಲಿ ಮೂಳೆಗಳ ಸ್ಥಿತಿಯನ್ನು ಪರಿಶೀಲಿಸಲಾಗುತ್ತದೆ. ಕಣ್ಣು ಅಥವಾ ಮೆದುಳಿನತ್ತ ಸೋಂಕು ಹರಡಿರುವ ಅನುಮಾನವಿದ್ದರೆ ಎಂ.ಆರ್.ಐ. ಕೂಡ ಬೇಕಾಗುತ್ತದೆ. ಮಧುಮೇಹ ಹತೋಟಿ ತಪ್ಪಿದವರಲ್ಲಿ ಅಥವಾ ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ಕೆನ್ನೆ ಮರಗಟ್ಟುವುದು, ಕಣ್ಣಿನ ಸುತ್ತ ಊತ, ಮೂಗಿನಲ್ಲಿ ಕಪ್ಪು ಹಕ್ಕಳೆ ಕಂಡುಬಂದರೆ ಮ್ಯೂಕರ್‌ಮೈಕೋಸಿಸ್‌ನಂತಹ ಆಕ್ರಮಣಕಾರಿ ಸೋಂಕನ್ನು ಶಂಕಿಸಿ ತಡಮಾಡದೆ ಶಸ್ತ್ರಚಿಕಿತ್ಸೆಗೆ ಸಿದ್ಧರಾಗಬೇಕಾಗುತ್ತದೆ.

ಶಸ್ತ್ರಚಿಕಿತ್ಸೆಯನ್ನು ಸಾಮಾನ್ಯವಾಗಿ ಪೂರ್ಣ ಅರಿವಳಿಕೆಯಲ್ಲಿ, ಮೂಗಿನ ಹೊಳ್ಳೆಯ ಮೂಲಕವೇ ಮಾಡುತ್ತಾರೆ. ರಕ್ತನಾಳಗಳನ್ನು ಕುಗ್ಗಿಸುವ ಔಷಧದಲ್ಲಿ ಅದ್ದಿದ ಪಟ್ಟಿಗಳನ್ನು ಮೊದಲು ಒಳಗಿಡುತ್ತಾರೆ, ಏಕೆಂದರೆ ತುಸು ರಕ್ತ ಒಸರಿದರೂ ಎಂಡೋಸ್ಕೋಪ್‌ನ ದೃಶ್ಯ ಮಸುಕಾಗುತ್ತದೆ. ಕೆನ್ನೆಯ ಸೈನಸ್ ಆಗಿದ್ದರೆ, ಅದರ ದ್ವಾರವನ್ನು ಮರೆಮಾಡಿರುವ ಕೊಕ್ಕೆಯಾಕಾರದ ತೆಳುಮೂಳೆಯನ್ನು ತೆಗೆದು ಆ ಸಹಜ ದ್ವಾರವನ್ನೇ ಅಗಲಿಸಲಾಗುತ್ತದೆ. ಒಳಪೊರೆಯ ಸೂಕ್ಷ್ಮ ರೋಮಗಳು ಲೋಳೆಯನ್ನು ತಳ್ಳುವುದು ಆ ದ್ವಾರದ ಕಡೆಗೇ ಆದ್ದರಿಂದ, ಬೇರೆಡೆ ರಂಧ್ರ ಕೊರೆದರೆ ಅಷ್ಟು ಪ್ರಯೋಜನವಾಗದು. ಮೂಲೆಗಳನ್ನು ನೋಡಲು 30 ಅಥವಾ 70 ಡಿಗ್ರಿ ಓರೆನೋಟದ ಎಂಡೋಸ್ಕೋಪ್‌ಗಳನ್ನು ಬಳಸುತ್ತಾರೆ.

ಮುಂದಿನ ಕೆಲಸ ಸೋಂಕಿನ ಬಗೆಗೆ ತಕ್ಕಂತೆ ಕವಲೊಡೆಯುತ್ತದೆ. ಶಿಲೀಂಧ್ರದ ಉಂಡೆಯಷ್ಟೇ ಇದ್ದರೆ ಅದನ್ನು ಪೂರ್ತಿ ತೆಗೆದು ತೊಳೆದರೆ ಸಾಕು. ಸಾಮಾನ್ಯವಾಗಿ ಶಿಲೀಂಧ್ರನಾಶಕ ಔಷಧವೂ ಬೇಕಾಗುವುದಿಲ್ಲ. ಅಲರ್ಜಿಯ ಬಗೆಯಲ್ಲಿ ಅಂಟಂಟಾದ ಗಟ್ಟಿ ಲೋಳೆಯನ್ನೂ ದುರ್ಮಾಂಸವನ್ನೂ ತೆಗೆಯುತ್ತಾರಾದರೂ ಅದು ಮರುಕಳಿಸುವುದು ಹೆಚ್ಚು. ಹಾಗಾಗಿ ಸ್ಟೀರಾಯ್ಡ್ ಚಿಕಿತ್ಸೆ ಮುಂದುವರಿಯುತ್ತದೆ. ಆಕ್ರಮಣಕಾರಿ ಸೋಂಕಿನಲ್ಲಾದರೋ ಸತ್ತ ಅಂಗಾಂಶವನ್ನು, ರಕ್ತ ಜಿನುಗುವ ಆರೋಗ್ಯಕರ ಭಾಗ ಸಿಗುವವರೆಗೂ ತೆಗೆಯುತ್ತಾರೆ. ಒಮ್ಮೆಗೇ ಮುಗಿಯದೆ ಮತ್ತೆ ಮತ್ತೆ ಮಾಡಬೇಕಾಗಬಹುದು. ಜೊತೆಗೆ ಆಂಫೊಟೆರಿಸಿನ್-ಬಿಯಂತಹ ಶಿಲೀಂಧ್ರನಾಶಕ ಔಷಧವೂ ರಕ್ತದ ಸಕ್ಕರೆಯ ನಿಯಂತ್ರಣವೂ ಇಲ್ಲದೆ ಕತ್ತರಿಯೊಂದರಿಂದ ಗೆಲುವು ಸಾಧ್ಯವಿಲ್ಲ.

ತೆಗೆದ ಅಂಗಾಂಶದ ಒಂದು ಭಾಗವನ್ನು ಸೂಕ್ಷ್ಮದರ್ಶಕ ಪರೀಕ್ಷೆಗಾಗಿ, ಅಂಗಾಂಶ ಕೆಡದಂತೆ ಕಾಪಿಡುವ ದ್ರಾವಣವಾದ ಫಾರ್ಮಲಿನ್‌ನಲ್ಲಿಟ್ಟರೆ, ಕಲ್ಚರ್‌ಗೆ (ಶಿಲೀಂಧ್ರವನ್ನು ಬೆಳೆಸಿ ಗುರುತಿಸುವ ಪರೀಕ್ಷೆಗೆ) ಕಳಿಸುವ ಭಾಗಕ್ಕೆ ಅದನ್ನು ಸೋಕಿಸಬಾರದು. ಫಾರ್ಮಲಿನ್ ಶಿಲೀಂಧ್ರವನ್ನೇ ಕೊಂದುಬಿಡುತ್ತದೆ.

ಮನೆಗೆ ಮರಳಿದ ಮೇಲೆ ವೈದ್ಯರು ಹೇಳುವವರೆಗೆ ಮೂಗನ್ನು ಜೋರಾಗಿ ಸೀಟಬಾರದು. ಸೀನು ಬಂದರೆ ಬಾಯಿ ತೆರೆದು ಸೀನಬೇಕು. ಮೂಗು ತೊಳೆಯುವ ಉಪ್ಪುನೀರನ್ನು ಕುದಿಸಿ ಆರಿಸಿದ ನೀರಿನಿಂದಲೇ ತಯಾರಿಸಬೇಕು. ದೃಷ್ಟಿ ಮಂಜಾಗುವುದು, ಮೂಗಿನಿಂದ ತಿಳಿನೀರಿನಂತಹ ದ್ರವ ಸುರಿಯುವುದು, ನಿಲ್ಲದ ರಕ್ತಸ್ರಾವ, ತೀವ್ರ ತಲೆನೋವು, ಇವುಗಳಲ್ಲಿ ಯಾವುದೊಂದು ಕಾಣಿಸಿದರೂ ಮುಂದಿನ ತಪಾಸಣೆಯ ದಿನಕ್ಕಾಗಿ ಕಾಯದೆ ಆಸ್ಪತ್ರೆಗೆ ಹೋಗಬೇಕು.