ಕೊವೆಂಟ್ರಿ ವಾಯುದಾಳಿಯಲ್ಲಿ ಸತ್ತ ನಾಗರಿಕರೊಬ್ಬರ ದಾಖಲೆ ಹುಡುಕುವುದು ಹೇಗೆ?

1940ರ ನವೆಂಬರ್ 14ರ ಸಂಜೆ ಏಳು ದಾಟಿದ ಮೇಲೆ ಇಂಗ್ಲೆಂಡಿನ ಕೊವೆಂಟ್ರಿಯ ಮೇಲೆ ಶುರುವಾದ ಜರ್ಮನ್ ಬಾಂಬ್ ದಾಳಿ ಮರುದಿನ ಬೆಳಗಿನ ಆರರವರೆಗೂ ನಡೆಯಿತು. ಕಾರು, ವಿಮಾನದ ಎಂಜಿನ್, ಯಂತ್ರೋಪಕರಣ ತಯಾರಾಗುತ್ತಿದ್ದ ಊರದು. ಕಾರ್ಖಾನೆಗಳ ಮಗ್ಗುಲಲ್ಲೇ ಕೆಲಸಗಾರರ ಮನೆಗಳಿದ್ದವು. ಸತ್ತವರು 568 ಎಂಬುದು ಸಾಮಾನ್ಯವಾಗಿ ಕೊಡುವ ಲೆಕ್ಕ. ಅದು ಅಂದಾಜು. ಆ ಅಂಕಿಗೆ ಹೆಸರುಗಳನ್ನು ಹೊಂದಿಸಲು ಕೂತರೆ ತಲೆನೋವೇ ಹೊರತು ಫಲವಿಲ್ಲ. ಒಂದು ಹೆಸರನ್ನು ಹಿಡಿದು ಹೊರಡಿ.

ಮೊದಲು ನೋಡಬೇಕಾದದ್ದು ಯುದ್ಧದಲ್ಲಿ ಸತ್ತವರ ಸಮಾಧಿ, ಹೆಸರುಗಳ ದಾಖಲೆ ನೋಡಿಕೊಳ್ಳುವ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ನಾಗರಿಕ ಮೃತರ ಪಟ್ಟಿ. ಎರಡನೇ ಮಹಾಯುದ್ಧದ ಸುಮಾರು 67,000 ಹೆಸರುಗಳು ಅದರಲ್ಲಿವೆ. ಕಮಿಷನ್ನಿನ ಜಾಲತಾಣದಲ್ಲಿ ಉಚಿತವಾಗಿ ಹುಡುಕಬಹುದು. ಮನೆತನದ ಹೆಸರು (ಸರ್‌ನೇಮ್) ಹಾಕಿ, ನಾಗರಿಕ ಮೃತರು ಎಂಬ ವಿಭಾಗ ಆರಿಸಿ. ಹೆಸರು ಸಿಕ್ಕೊಡನೆ ಹೆಚ್ಚಿನವರು ಎಡವುವ ಜಾಗ ಬರುತ್ತದೆ: ಸ್ಮಶಾನ ಅಥವಾ ಸ್ಮಾರಕ ಎಂಬಲ್ಲಿ ‘ಕೊವೆಂಟ್ರಿ, ಕೌಂಟಿ ಬರೋ’ ಎಂದಿರುತ್ತದೆ. ಅದು ಹೂಳಿದ ಜಾಗವಲ್ಲ, ಸಾವು ಸಂಭವಿಸಿದ ಆಡಳಿತ ಪ್ರದೇಶ. ಗಾಯಾಳುವನ್ನು ಹೊರ ಊರಿನ ಆಸ್ಪತ್ರೆಗೆ ಸಾಗಿಸಿ ಅಲ್ಲಿ ಪ್ರಾಣ ಹೋಗಿದ್ದರೆ ಹೆಸರು ಆ ಊರಿನ ಪಟ್ಟಿಯಲ್ಲಿ ಇರುತ್ತದೆ. ಆದ್ದರಿಂದ ಮೊದಲ ಸಲ ಊರಿನ ಹೆಸರು ಹಾಕದೇ ಹುಡುಕಿ.

ನಮೂದಿನಲ್ಲಿ ಸಾಮಾನ್ಯವಾಗಿ ವಯಸ್ಸು, ಮನೆಯ ವಿಳಾಸ, ತಂದೆ ಅಥವಾ ಗಂಡನ ಹೆಸರು, ಕೊನೆಗೆ ಸತ್ತ ಸ್ಥಳ ಇರುತ್ತವೆ. ಮನೆಯ ವಿಳಾಸ ಮತ್ತು ಸತ್ತ ಸ್ಥಳವನ್ನು ಬೇರೆ ಬೇರೆ ಕಾಲಮ್ಮಿನಲ್ಲಿ ಬರೆದುಕೊಳ್ಳಿ. ಎರಡೂ ಒಂದೇ ಆಗಿದ್ದರೆ ಸಾವು ಮನೆಯಲ್ಲೇ ಆಗಿದೆ. ಬೇರೆಯಾಗಿದ್ದರೆ ಷೆಲ್ಟರ್, ಕಾರ್ಖಾನೆ, ನೆಂಟರ ಮನೆ ಯಾವುದೂ ಆಗಿರಬಹುದು. ಈಗ ಅದೇ ಸ್ಥಳದಲ್ಲಿ ಸತ್ತ ಇತರರನ್ನು ಹುಡುಕಿ: ಒಂದೇ ಬಾಂಬಿಗೆ ಸಿಕ್ಕ ಮನೆಮಂದಿ, ನೆರೆಹೊರೆ ಸಾಲಾಗಿ ಹೊರಬೀಳುತ್ತಾರೆ. ಇಡೀ ಕೆಲಸದಲ್ಲಿ ಹೆಚ್ಚು ಫಲ ಕೊಡುವ ಹೆಜ್ಜೆ ಇದೇ, ಹೆಚ್ಚು ಮನಸ್ಸು ಕಲಕುವುದೂ ಇದೇ.

ಹೆಸರು ಸಿಗದಿದ್ದರೆ ಎರಡು ಕಾರಣಗಳನ್ನು ಮೊದಲು ಪರೀಕ್ಷಿಸಿ. ಹೋಮ್ ಗಾರ್ಡ್ ಎಂಬ ಸ್ವಯಂಸೇವಕ ರಕ್ಷಣಾ ಪಡೆಯಲ್ಲಿದ್ದವರು ಸೈನಿಕರ ಲೆಕ್ಕಕ್ಕೆ ಸೇರಿದ್ದಾರೆ. ವಾಯುದಾಳಿ ವಾರ್ಡನ್ನರು, ಅಗ್ನಿಶಾಮಕರು ನಾಗರಿಕರ ಪಟ್ಟಿಯಲ್ಲೇ ಇದ್ದಾರೆ. ಇನ್ನೊಂದು ಕಾರಣ ತಾರೀಖು: ರಾತ್ರಿ ಪೂರ್ತಿ ನಡೆದ ದಾಳಿಯಾದ್ದರಿಂದ 14 ಅಂತಲೂ ಇರಬಹುದು, 15 ಅಂತಲೂ ಇರಬಹುದು. ಗಾಯಗಳಿಂದ ನಂತರ ಸತ್ತವರಿಗಾಗಿ ಡಿಸೆಂಬರ್ ಕೊನೆವರೆಗೂ ನೋಡಿ. 1941ರ ಏಪ್ರಿಲ್‌ನಲ್ಲೂ ಊರಿನ ಮೇಲೆ ದೊಡ್ಡ ದಾಳಿ ಆಗಿತ್ತು. ಕುಟುಂಬದ ನೆನಪಿನಲ್ಲಿ ಎರಡೂ ಒಂದಾಗಿಬಿಟ್ಟಿರುತ್ತವೆ.

ಆಮೇಲೆ ಮರಣ ನೋಂದಣಿಯ ಸೂಚಿ. ಅದು ಮೂರು ಮೂರು ತಿಂಗಳಿಗೊಂದರಂತೆ ಇದೆ. 1940ರ ಡಿಸೆಂಬರ್ ತ್ರೈಮಾಸಿಕದಲ್ಲಿ (ಅಕ್ಟೋಬರ್‌ನಿಂದ ಡಿಸೆಂಬರ್) ಸಿಗದಿದ್ದರೆ 1941ರ ಮಾರ್ಚ್ ತ್ರೈಮಾಸಿಕ ನೋಡಿ, ಏಕೆಂದರೆ ಅಲ್ಲಿ ಲೆಕ್ಕಕ್ಕೆ ಬರುವುದು ನೋಂದಾಯಿಸಿದ ದಿನ. ಪ್ರಮಾಣಪತ್ರ ತರಿಸಿದಾಗ ಕಾರಣದ ಜಾಗದಲ್ಲಿ ಬಹಳ ಸಲ ‘ಯುದ್ಧ ಕಾರ್ಯಾಚರಣೆಯಿಂದ’ ಎಂಬರ್ಥದ ಒಂದೇ ಸಾಲು ಇರುತ್ತದೆ. ಗಾಯದ ವಿವರ ಅದರಲ್ಲಿ ಹುಡುಕಬೇಡಿ.

ಆ ಮನೆಯಲ್ಲಿ ಯಾರ್ಯಾರಿದ್ದರು ಎಂಬುದಕ್ಕೆ 1939ರ ಸೆಪ್ಟೆಂಬರ್ 29ರ ರಾಷ್ಟ್ರೀಯ ನೋಂದಣಿ ಪುಸ್ತಕ ಇದೆ. ಜನ್ಮದಿನ, ಕಸುಬು ಎರಡೂ ಸಿಗುತ್ತವೆ. ಆದರೆ ಅದು ದಾಳಿಗಿಂತ ಹದಿಮೂರೂವರೆ ತಿಂಗಳು ಹಳೆಯದು. ಕಾರ್ಖಾನೆ ಕೆಲಸಕ್ಕೆಂದು ನಡುವೆ ಬಂದು ಬಾಡಿಗೆ ಕೋಣೆ ಹಿಡಿದವರು ಆ ವಿಳಾಸದಲ್ಲಿ ಕಾಣುವುದಿಲ್ಲ.

ಸಮಾಧಿಯ ವಿಷಯಕ್ಕೆ ಬಂದರೆ, ಲಂಡನ್ ರೋಡ್ ಸ್ಮಶಾನದಲ್ಲಿ ನವೆಂಬರ್ 20 ಮತ್ತು 23ರಂದು ಸಾಮೂಹಿಕ ಅಂತ್ಯಕ್ರಿಯೆ ನಡೆಯಿತು. ಎಲ್ಲರೂ ಅಲ್ಲಿಲ್ಲ, ಕೆಲವರನ್ನು ಕುಟುಂಬದವರು ಬೇರೆಡೆ ಹೂಳಿದರು. ಬಾಂಬ್ ಬಿದ್ದ ಜಾಗದ ನಕ್ಷೆಗಾಗಿ ಲಂಡನ್ನಿನ ಸರ್ಕಾರಿ ದಾಖಲಾಗಾರ ನ್ಯಾಷನಲ್ ಆರ್ಕೈವ್ಸ್‌ನಲ್ಲಿರುವ ಬಾಂಬ್ ಗಣತಿಗೆ (ಎಲ್ಲೆಲ್ಲಿ ಬಾಂಬ್ ಬಿತ್ತು ಎಂಬ ಯುದ್ಧಕಾಲದ ದಾಖಲೆ) ಹೋಗುವ ಮುನ್ನ ಗೊತ್ತಿರಲಿ: 1940ರಲ್ಲಿ ಆ ಗಣತಿ ಲಂಡನ್, ಬರ್ಮಿಂಗ್‌ಹ್ಯಾಮ್, ಲಿವರ್‌ಪೂಲ್‌ಗಳಿಂದ ಶುರುವಾಯಿತು, ಇಡೀ ದೇಶಕ್ಕೆ ಹರಡಿದ್ದು 1941ರಲ್ಲಿ. ನವೆಂಬರ್ ದಾಳಿಗೆ ಊರಿನ ಪತ್ರಿಕೆ ಮಿಡ್‌ಲ್ಯಾಂಡ್ ಡೈಲಿ ಟೆಲಿಗ್ರಾಫ್‌ನ ನಿಧನ ವಾರ್ತೆಗಳೇ ಮೇಲು.