ದುಡ್ಡು ಕೊಟ್ರೂ ನಿಲ್ಲದ ಆಳು, ಮುಯ್ಯಿಗೆ ನಿಂತ ನೆರೆಮನೆ: ಸಿ.ಪಿ. ಇರೋ ನನ್ನ ಅನುಭವ

ಮುಯ್ಯಾಳು, ಅಂದ್ರೆ ಕೂಲಿ ಇಲ್ದೆ ನನ್ನ ಕೆಲ್ಸಕ್ಕೆ ನೀನು, ನಿನ್ನ ಕೆಲ್ಸಕ್ಕೆ ನಾನು ಅಂತ ತೀರ್ಸ್ಕೊಳ್ಳೋದು, ಗದ್ದೆ ನಾಟಿಗೆ ಸರಿ, ಒಬ್ಬ ಮನುಷ್ಯನ್ನ ಎತ್ತಿ ಕೂರ್ಸಿ ಸ್ನಾನ ಮಾಡ್ಸೋಕೆ ಯಾರ್ರೀ ಮುಯ್ಯಿಗೆ ಬರ್ತಾರೆ ಅಂತ ನಗಾಡಿದವ್ರೇ ಜಾಸ್ತಿ. ನಮ್ಮಣ್ಣ ಬೆಂಗಳೂರಿಂದ ಫೋನ್ ಮಾಡಿ "ಇದೆಲ್ಲ ಎರಡು ತಿಂಗಳ ಆಟ ಕಣೋ, ಸುಮ್ನೆ ಒಂದು ಒಳ್ಳೆ ಆಶ್ರಮ ನೋಡೋಣ" ಅಂದಿದ್ದ. ಈಗ ಮೂರು ವರ್ಷದ ಮೇಲಾಯ್ತು, ನಡ್ಕೊಂಡು ಹೋಗ್ತಿದೆ, ಅದಕ್ಕೇ ಬರೀತಿದೀನಿ. ಸಿ.ಪಿ. ಅಂದ್ರೆ ಸೆರೆಬ್ರಲ್ ಪಾಲ್ಸಿ, ಚಿಕ್ಕಂದಿನಲ್ಲೇ ಮಿದುಳಿಗೆ ಆದ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗದಿರೋದು. ನಂದು ನಾಲ್ಕೂ ಕೈಕಾಲು ಬಿಗಿ, ಎಡಗೈ ಸ್ವಲ್ಪ ಹೇಳಿದ ಮಾತು ಕೇಳುತ್ತೆ, ನಾಲಿಗೆ ತೊದಲು, ತಲೆ ಮಾತ್ರ ಫಸ್ಟ್ ಕ್ಲಾಸ್. ಮನೆ ಕೊಡಗಿನ ಮಾದಾಪುರದ ಈಚೆ, ರಸ್ತೆಯಿಂದ ಕೆಳಗೆ ತೋಟದೊಳಗೆ.

ಮೊದಲು ದುಡ್ಡು ಎಲ್ಲೆಲ್ಲಿ ಹೋಯ್ತು ಅಂತ ಹೇಳಿಬಿಡ್ತೀನಿ. ಅಮ್ಮಂಗೆ ಅರವತ್ತು ದಾಟಿ ಸೊಂಟ ಹಿಡ್ಕೊಂಡ್ಮೇಲೆ ಅವ್ರ ಕೈಲಿ ನನ್ನ ಎತ್ತೋಕೆ ಆಗ್ತಿರ್ಲಿಲ್ಲ, ಆಳು ಇಟ್ವಿ, ಊಟ ತಿಂಡಿ ಕೊಟ್ಟು ತಿಂಗಳಿಗೆ 9 ಸಾವಿರ. ಮೊದಲನೆಯವನು ಹಬ್ಬಕ್ಕೆ ಅಂತ ಅಡ್ವಾನ್ಸ್ ತಗೊಂಡು ಊರಿಗೆ ಹೋದವನು ಹೋದವನೇ. ಎರಡನೆಯವನು ಒಳ್ಳೆ ಹುಡುಗ, ಆದ್ರೆ ಕಾಫಿ ಕುಯ್ಲು ಶುರುವಾಗಿ ಎಸ್ಟೇಟಲ್ಲಿ ಕೆ.ಜಿ. ಲೆಕ್ಕಕ್ಕೆ ಕುಯ್ದ್ರೆ ದಿನಕ್ಕೆ ಎಷ್ಟು ಸಿಗುತ್ತೆ ಅಂತ ಗೊತ್ತಾದ ಮೇಲೆ ನನ್ನ ಹತ್ರ ಯಾಕೆ ಇರ್ತಾನೆ, ನಾನಾಗಿದ್ರೂ ಹೋಗ್ತಿದ್ದೆ. ಡಿಸೆಂಬರಿಂದ ಫೆಬ್ರವರಿ ತನಕ ಕೊಡಗಲ್ಲಿ ಕೈಯಲ್ಲಿ ನೋಟು ಹಿಡ್ಕೊಂಡು ನಿಂತ್ರೂ ಆಳು ಸಿಗಲ್ಲ. ಆಮೇಲೆ ಒಂದು ಏಜೆನ್ಸಿ, ಕಮಿಷನ್ ಬೇರೆ, ಸಂಬಳ 18 ಸಾವಿರ ಬೇರೆ, ಬಂದ ಹುಡುಗ ಜೂನ್ ಮಳೇಲಿ ಕಾಲ್ಬೆರಳ ಸಂದಿಲಿ ಜಿಗಣೆ ನೋಡಿ ಮಾರನೇ ದಿನವೇ ಬಸ್ ಹತ್ತಿದ. ಎಲ್ಲ ಸೇರಿ ಒಂದೂವರೆ ಲಕ್ಷ ಕರಗಿರಬಹುದು. ನಿರಾಮಯ ಅನ್ನೋ ಸರ್ಕಾರಿ ಆರೋಗ್ಯ ವಿಮೆ ಕಾರ್ಡ್ ಇದೆ, ವರ್ಷಕ್ಕೆ 1 ಲಕ್ಷದ ತನಕ ಚಿಕಿತ್ಸೆ ಖರ್ಚು ಕೊಡುತ್ತೆ ಸರಿ, ಬೆಳಿಗ್ಗೆ ಎತ್ತಿ ಕಮೋಡ್ ಮೇಲೆ ಕೂರ್ಸೋನ ಸಂಬಳ ಅದ್ರಲ್ಲಿ ಬರಲ್ವಲ್ಲ.

ಬ್ಯಾಟರಿ ಗಾಲಿಕುರ್ಚಿದು ಇನ್ನೊಂದು ಕಥೆ. ಎಪ್ಪತ್ತು ಸಾವಿರ ಚಿಲ್ಲರೆ, ಅರ್ಧ ದಾನಿಗಳು ಕೊಟ್ರು. ತಂದು ನೋಡಿದ್ರೆ ಮನೆಯಿಂದ ರಸ್ತೆಗೆ ಆರಡಿ ಏರು, ಕೆಂಪು ಮಣ್ಣು. ರ‍್ಯಾಂಪ್ ಲೆಕ್ಕ ಏನಂದ್ರೆ, 1 ಅಡಿ ಏರಿಗೆ 12 ಅಡಿ ಉದ್ದ, ಅಂದ್ರೆ 72 ಅಡಿ, ಅಷ್ಟುದ್ದ ನೇರ ಜಾಗ ನಮ್ಮ ಕಡೆ ಯಾವ ಮನೆ ಮುಂದಿದೆ? ಮೂರು ತಿರುವು ಹಾಕಿ, ಪ್ರತಿ ತಿರುವಲ್ಲಿ ನಿಲ್ಲೋಕೆ ಸಮತಟ್ಟು ಬಿಟ್ಟು ಮಾಡಿಸ್ದೆ. ಪಂಚಾಯಿತಿಲಿ ಅಂಗವಿಕಲರಿಗೆ ಅಂತ ತೆಗೆದಿಡೋ ಶೇ 5ರ ದುಡ್ಡಲ್ಲಿ 25 ಸಾವಿರದಷ್ಟು ಸಿಕ್ತು, ಅದಕ್ಕೆ ಎಷ್ಟು ಅರ್ಜಿ ಬರೆದೆ ಅಂತ ಕೇಳ್ಬೇಡಿ, ಮಿಕ್ಕಿದ್ದು ಕೈಯಿಂದ. ಮೇಸ್ತ್ರಿ ನುಣ್ಣಗೆ ಸಾರಿಸೋಕೆ ಹೊರಟಿದ್ದ, ಬೇಡ ಅಂತ ಹಸಿ ಸಿಮೆಂಟ್ ಮೇಲೆ ತೆಂಗಿನ ಕಡ್ಡಿ ಪೊರಕೆಲಿ ಅಡ್ಡಡ್ಡ ಗೀಚಿಸ್ದೆ. ಕಕ್ಕಡ ತಿಂಗಳಲ್ಲಿ, ಅಂದ್ರೆ ಜುಲೈ-ಆಗಸ್ಟ್ ಮಳೇಲಿ, ಪಾಚಿ ಕಟ್ಟೇ ಕಟ್ಟುತ್ತೆ, ಮೇ ಕೊನೇಲಿ ಒಂದ್ಸಲ, ಮಳೆ ಬಿಡುವು ಕೊಟ್ಟಾಗ ಒಂದ್ಸಲ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿಸ್ತೀನಿ. ಪಕ್ಕದಲ್ಲಿ ಹಿಡ್ಕೊಳ್ಳೋಕೆ ಬಿದಿರು ಕಟ್ಟಿಸಿದ್ದೆ, ಒಂದೇ ವರ್ಷಕ್ಕೆ ಕುಟ್ಟೆ ಹಿಡಿದು ಪುಡಿ ಆಯ್ತು, ಈಗ ಜಿ.ಐ. ಪೈಪ್.

ಇನ್ನು ಮುಯ್ಯಿ. ನನ್ನ ಹತ್ರ ಇರೋದು ಒಂದು ಲ್ಯಾಪ್‌ಟಾಪ್, ಎಡಗೈ ಗೆಣ್ಣು ಒಂದು, ತಾಳ್ಮೆ. ಸುತ್ತ ಇರೋ ಮನೆಗಳಿಗೆಲ್ಲ ಪಹಣಿ ತೆಗೀಬೇಕು, ಮಕ್ಕಳ ಸ್ಕಾಲರ್‌ಶಿಪ್ ಅರ್ಜಿ ಹಾಕ್ಬೇಕು, ಸೇವಾ ಸಿಂಧುಲಿ ಏನೋ ಸಿಕ್ಕಾಕೊಂಡಿರುತ್ತೆ, ಪ್ರತಿಯೊಂದಕ್ಕೂ ಸುಂಟಿಕೊಪ್ಪಕ್ಕೋ ಸೋಮವಾರಪೇಟೆಗೋ ಹೋದ್ರೆ ಒಂದಿನದ ಕೂಲಿ ಹೋಯ್ತು. ಇಷ್ಟು ದಿನ ಪುಕ್ಕಟೆ ಮಾಡಿಕೊಡ್ತಿದ್ದೆ, ಅವ್ರು ಬಾಳೆಗೊನೆ, ಜೇನು ಏನಾದ್ರೂ ತಂದಿಡ್ತಿದ್ರು. ಅದನ್ನ ನಿಲ್ಲಿಸಿ ನೇರವಾಗಿ ಹೇಳ್ದೆ, ಬಾಳೆಗೊನೆ ಬೇಡ ಅಕ್ಕ, ನಿಮ್ಮ ಮನೆಯವ್ರನ್ನ ಬೆಳಿಗ್ಗೆ ಒಂದ್ಸಲ ಕಳ್ಸಿ ಅಂತ.

ಮೊದಲು ಗಂಟೆ ಲೆಕ್ಕ ಇಟ್ಟೆ, ಅದು ಜಗಳಕ್ಕೆ ದಾರಿ ಆಯ್ತು. ನಂಗೆ ಸ್ನಾನ ಮಾಡ್ಸೋಕೆ ಮುಕ್ಕಾಲು ಗಂಟೆ, ಪಹಣಿ ತೆಗೆಯೋಕೆ ಐದು ನಿಮಿಷ, "ನಿಂದು ಬರೀ ಬಟನ್ ಒತ್ತೋದು" ಅಂತ ಒಬ್ರು ಮಾವ ಅಂದೇಬಿಟ್ರು. ಸರ್ವರ್ ಡೌನ್ ಆಗಿ ರಾತ್ರಿ ಹನ್ನೊಂದರ ತನಕ ನಾನು ಕೂತಿದ್ದು ಅವ್ರ ಲೆಕ್ಕಕ್ಕೆ ಬರ್ಲೇ ಇಲ್ಲ. ಆಮೇಲೆ ನಾಟಿ ಮುಯ್ಯಿ ಹೆಂಗೆ ನಡೆಯುತ್ತೋ ಹಂಗೇ ಮಾಡ್ದೆ, ಗದ್ದೆ ದೊಡ್ದೋ ಚಿಕ್ದೋ, ಆಳಿಗೆ ಆಳು. ಒಂದು ಕೆಲ್ಸಕ್ಕೆ ಒಂದು ಬೆಳಿಗ್ಗೆ, ಮುಗೀತು. ಎರಡನೇ ಬದಲಾವಣೆ, "ಅವನನ್ನ ನೋಡ್ಕೊಳ್ಳಿ" ಅಂತ ಯಾರಿಗೂ ಹೇಳಲ್ಲ, ಆ ಮಾತಿಗೇ ಜನ ಹೆದರ್ತಾರೆ. ಏಳು ಗಂಟೆಗೆ ಬನ್ನಿ, ಹಾಸಿಗೆಯಿಂದ ಕಮೋಡ್, ಕಮೋಡಿಂದ ಸ್ನಾನ, ಸ್ನಾನದಿಂದ ಕುರ್ಚಿ, ಅಷ್ಟೇ, ಹೊರಡಿ. ಈಗ ಆರು ಮನೆ ಇದೆ, ಲೈನ್‌ಮನೆ (ಎಸ್ಟೇಟ್ ಕೂಲಿಯವ್ರ ಸಾಲುಮನೆ) ಹುಡುಗರೂ ಇಬ್ಬರು ಸೇರ್ಕೊಂಡಿದಾರೆ. ಕುಯ್ಲು ಸೀಸನ್ನಲ್ಲೂ ತಪ್ಪಿಸ್ಕೊಳ್ಳದ ಹಂಗೆ ಹೆಂಗೆ ಮಾಡಿದೀನಿ ಅನ್ನೋದು ಮಾತ್ರ ಹೇಳಲ್ಲ, ಅಕ್ಕಪಕ್ಕದವ್ರೂ ಇದನ್ನ ಓದ್ತಾರೆ ಮಾರಾಯ್ರೆ.

ಎತ್ತೋದನ್ನ ಕಲಿಸೋದೇ ದೊಡ್ಡ ಕೆಲಸ ಆಗಿತ್ತು. ಹೊಸಬರು ಬಂದ್ರೆ ಕಂಕುಳಿಗೆ ಕೈ ಹಾಕಿ ಕಾಫಿ ಮೂಟೆ ಥರ ಎಳೀತಾರೆ, ಆಗ ನನ್ನ ಮೈ ಇಡೀ ಸೆಟೆದು ನೆಟ್ಟಗಾಗುತ್ತೆ, ಇಬ್ರೂ ಬೀಳ್ತೀವಿ. ನಾನು ಹೇಳ್ಕೊಟ್ಟಿದ್ದು ಇಷ್ಟು: ಮೊದಲು ನನ್ನ ಮಂಡಿ ಮಡಿಸಿ, ನನ್ನ ಸೊಂಟ ಮುಂದಕ್ಕೆ ಬಗ್ಗಿಸಿ, ಸೆಟೆತ ಬಂದ್ರೆ ಅದರ ಜೊತೆ ಗುದ್ದಾಡ್ಬೇಡಿ, ಕೈ ಹಂಗೇ ಇಟ್ಟು ಕಾಯಿರಿ, ತಾನಾಗೇ ಬಿಡುತ್ತೆ, ಬಿಟ್ಟ ತಕ್ಷಣ ಜಾರಿಸಿ. ಎತ್ತೋದು ಕಮ್ಮಿ, ಜಾರಿಸೋದು ಜಾಸ್ತಿ. ಅದಕ್ಕೆ ಸಿಲ್ವರ್ ಓಕ್ ಹಲಗೆ ಒಂದು, ಎರಡೂವರೆ ಅಡಿ, ಅಂಚು ಉಜ್ಜಿ ಪಾಲಿಶ್ ಹಾಕಿಸಿದ್ದು, ಆಚಾರಿ 400 ತಗೊಂಡ. ಸೊಂಟಕ್ಕೆ ಹಳೇ ಜೀಪಿನ ಸೀಟ್ ಬೆಲ್ಟ್, ಕುಶಾಲನಗರದ ಗ್ಯಾರೇಜಲ್ಲಿ ನೂರೈವತ್ತಕ್ಕೆ ಸಿಕ್ತು, ಹಿಡಿ ಇರೋ ಹಂಗೆ ಎರಡೂ ಕಡೆ ಹೊಲಿಸ್ದೆ. ಆನ್‌ಲೈನಲ್ಲಿ ಇಂಥ ಬೆಲ್ಟ್ ಇದಕ್ಕಿಂತ ಎಷ್ಟೋ ಜಾಸ್ತಿಗೆ ಮಾರ್ತಾರೆ. ಚಳಿಗಾಲದಲ್ಲಿ ಬಿಗಿತ ಜಾಸ್ತಿ ಆಗೋದ್ರಿಂದ ನೀರು ಕಾಯೋ ತನಕ ಬಚ್ಚಲು ಒಲೆ ಪಕ್ಕ ಕೂರ್ಸಿ ಅಂತಲೂ ಹೇಳಿದೀನಿ, ಹತ್ತು ನಿಮಿಷ ಬೆಂಕಿ ಕಾಸಿದ್ರೆ ಅರ್ಧ ಕೆಲಸ ಮುಗಿದಂಗೆ.

ಸದ್ದಿಗೆ ಬೆಚ್ಚಿಬೀಳೋದು ಸಿ.ಪಿ. ಇರೋ ನಮ್ಮಲ್ಲಿ ಸುಮಾರು ಜನಕ್ಕೆ ಇರೋದೇ, ಕೊಡಗಲ್ಲಿ ಅದು ಸ್ವಲ್ಪ ಜಾಸ್ತಿನೇ ಕಷ್ಟ. ಪುತ್ತರಿ ಸುಗ್ಗಿ ಹಬ್ಬಕ್ಕೆ ಕೋವಿ ಗುಂಡು, ಮಿಕ್ಕ ದಿನ ಆನೆ ಓಡ್ಸೋಕೆ ಪಟಾಕಿ. ಒಂದು ಗುಂಡು ಹಾರಿದ್ರೆ ಬಾಯಲ್ಲಿರೋ ಬೆಲ್ಲದ ಕಾಫಿ ನೇರ ಉಸಿರಿನ ಕೊಳವೆಗೆ. ಅದಕ್ಕೆ ಪುತ್ತರಿ ರಾತ್ರಿ ಗುಂಡು ಹಾರೋ ತನಕ ಏನೂ ತಿನ್ನಲ್ಲ, ಗುಂಡಿನ ಟೈಮ್ ಮೊದಲೇ ಫೋನ್ ಮಾಡಿ ಹೇಳ್ತಾರೆ. ಲೋಟಕ್ಕೆ ಮೂಗಿನ ಕಡೆ ಅರ್ಧಚಂದ್ರ ಕತ್ತರಿಸಿಬಿಟ್ರೆ ತಲೆ ಹಿಂದಕ್ಕೆ ಹೋಗಲ್ಲ, ಗದ್ದ ಕೆಳಗಿರುತ್ತೆ, ಕೆಮ್ಮು ಕಮ್ಮಿ. ಕಾಫಿಗೆ ಸ್ವಲ್ಪ ರಾಗಿ ಹಿಟ್ಟು ಕುದಿಸಿ ಗಟ್ಟಿ ಮಾಡಿ ನೋಡ್ದೆ, ನುಂಗೋಕೆ ಸುಲಭ, ರುಚಿ ದೇವ್ರೇ ಗತಿ. ಕಡಂಬಿಟ್ಟು (ಅಕ್ಕಿ ತರಿ ಉಂಡೆ) ಸಾರಲ್ಲಿ ಕಿವುಚಿದ್ರೆ ಹೋಗುತ್ತೆ, ಅಕ್ಕಿ ರೊಟ್ಟಿ ಬಿಟ್ಟುಬಿಟ್ಟೆ.

ಟೈಪಿಂಗಿಗೆ ವಾಯ್ಸ್ ಟೈಪಿಂಗ್ ಟ್ರೈ ಮಾಡಿ ಸುಸ್ತಾದೆ, ನನ್ನ ಮಾತು ಪಕ್ಕದ್ಮನೆ ನಾಯಿಗೂ ತಿಳಿಯುತ್ತೆ, ಆ ಫೋನಿಗೆ ತಿಳಿಯಲ್ಲ. ಕೈ ನಡುಗಿ ಕೀ ಮತ್ತೆ ಮತ್ತೆ ಒತ್ತಿದ್ರೂ ಲೆಕ್ಕಕ್ಕೆ ತಗೊಳ್ಳದ ಫಿಲ್ಟರ್ ಕೀಸ್, ಜೋಡಿ ಕೀಗಳನ್ನ ಒಂದಾದ ಮೇಲೊಂದು ಒತ್ತೋಕೆ ಬಿಡೋ ಸ್ಟಿಕಿ ಕೀಸ್ ಎರಡೂ ಆನ್ ಇಟ್ಟು, ಕೀಬೋರ್ಡ್ ಮೇಲೆ ತೂತು ಕೊರೆದ ಅಕ್ರಿಲಿಕ್ ಹಾಳೆ ಕೂರ್ಸಿ ಗೆಣ್ಣಲ್ಲಿ ಒತ್ತೋದು, ಇದನ್ನೂ ಹಂಗೇ ಬರೆದಿದ್ದು, ವಾಕ್ಯ ಉದ್ದ ಆದ್ರೆ ಕ್ಷಮಿಸಿ, ಫುಲ್‌ಸ್ಟಾಪ್ ಕೀ ಮೂಲೇಲಿದೆ.

ಯಾರು ಯಾವಾಗ ಬರ್ಬೇಕು ಅನ್ನೋ ಮುಯ್ಯಿ ಪಟ್ಟಿಯಿಂದ ನಾನು ಅಂದ್ಕೊಳ್ಳದ ಒಂದು ಲಾಭ ಆಯ್ತು. 2018ರ ಆಗಸ್ಟಲ್ಲಿ ಗುಡ್ಡ ಜಾರಿದಾಗ ಯಾರು ನನ್ನ ಹೊರಬೇಕು ಅಂತಲೇ ಗೊತ್ತಿರ್ಲಿಲ್ಲ, ಸಿಕ್ಕ ನಾಲ್ವರು ಪ್ಲಾಸ್ಟಿಕ್ ಕುರ್ಚಿಲಿ ಹೊತ್ರು, ಅರ್ಧ ದಾರಿಲಿ ಕಾಲು ಮುರೀತು, ಕುರ್ಚಿದು. ಈಗ ಜೋರು ಮಳೆ ಅಂದ್ರೆ ಯಾವ ಇಬ್ರು, ಯಾವ ದಾರಿ, ಮಾತ್ರೆ ಡಬ್ಬಿ ಯಾರ ಕೈಲಿ ಅನ್ನೋದು ಪಟ್ಟಿಲೇ ಇದೆ, ದಿನಾ ಎತ್ತಿ ಅಭ್ಯಾಸ ಆಗಿರೋರೇ ಬರ್ತಾರೆ.

ರಾತ್ರಿದು ಮಾತ್ರ ಇನ್ನೂ ಕೂಡಿಬಂದಿಲ್ಲ. ಮಗ್ಗುಲು ಬದಲಿಸೋಕೆ ಎರಡು ಮೂರು ಸಲ ಬೇಕು, ಮಂಡಿ ಮಧ್ಯೆ ದಿಂಬಿಟ್ರೂ ತೊಡೆ ಹಿಡ್ಕೊಳ್ಳುತ್ತೆ, ಈಗ 400 ರೂಪಾಯಿ ವೈರ್‌ಲೆಸ್ ಬೆಲ್ಲು ಪಕ್ಕದ್ಮನೇಲಿ ಹಾಕಿದೀವಿ, ತೀರಾ ಆಗ್ದಿದ್ರೆ ಮಾತ್ರ ಒತ್ತೋದು. ಆ ಮನೆ ಹುಡುಗ ಒಂದು ಮಾತು ಕೊಟ್ಟಿದಾನೆ, ಅವ್ರ ಜಮ್ಮಾ ಜಾಗದ (ಕೊಡಗಲ್ಲಿ ಮನೆತನಕ್ಕೆ ತಲೆತಲಾಂತರದಿಂದ ಬಂದ ಜಮೀನು) ಪಹಣಿಲಿ ಇನ್ನೂ ಹಳೇ ಪಟ್ಟೇದಾರರ, ಅಂದ್ರೆ ಮನೆತನದ ಹಿರಿಯರ, ಹೆಸರೇ ಇದೆ, ಅದನ್ನ ಸರಿ ಮಾಡಿಸಿಕೊಟ್ರೆ ವಾರಕ್ಕೆ ಎರಡು ರಾತ್ರಿ ಇಲ್ಲೇ ಬಂದು ಮಲಗ್ತಾನಂತೆ. ಅದೆಷ್ಟು ವರ್ಷದ ಕೆಲ್ಸ ಅಂತ ಕೊಡಗಿನೋರಿಗೆ ಹೇಳೋದೇ ಬೇಡ. ಅರ್ಜಿ ಹಾಕಿದೀನಿ.