ಲಿಥುವೇನಿಯಾದಲ್ಲಿ ‘ಸಾಕು’ ಎಂದು ವಿನಯದಿಂದ ಹೇಳುವ ಬಗೆ: ಹೊಸದಾಗಿ ಬಂದ ಕನ್ನಡಿಗರಿಗೆ

ವಿಲ್ನಿಯಸ್‌ಗೆ ಕೆಲಸಕ್ಕೆಂದೋ ಕೌನಸ್‌ಗೆ ವೈದ್ಯಕೀಯ ಓದಲೆಂದೋ ಬರುವ ನಮ್ಮವರು ಮೊದಲ ವಾರಗಳಲ್ಲಿ ವಂದನೆಯ ಮಾತನ್ನು, ಅಂಕಿಗಳನ್ನು, ದಾರಿ ಕೇಳುವ ಮಾತನ್ನು ಶ್ರದ್ಧೆಯಿಂದ ಕಲಿಯುತ್ತಾರೆ. ಆದರೆ ಊಟದ ಮೇಜಿನಲ್ಲಿ, ಅಂಗಡಿಯಲ್ಲಿ, ಕ್ಷೌರದ ಕುರ್ಚಿಯಲ್ಲಿ ದಿನವೂ ಬೇಕಾಗುವ ‘ಸಾಕು’ ಎಂಬ ಮಾತನ್ನು ಯಾರೂ ಕೂರಿಸಿಕೊಂಡು ಹೇಳಿಕೊಡುವುದಿಲ್ಲ. ನಿಘಂಟಿನಲ್ಲಿ ಹುಡುಕಿದವರಿಗೆ ‘ಗನ’ ಎಂಬ ಪದ ಸಿಗುತ್ತದೆ. ಅದನ್ನೇ ಆತಿಥೇಯರ ಮುಂದೆ ಬಳಸಿದರೆ, ಹೇಳುವವರ ಮನಸ್ಸಿನಲ್ಲಿ ಇಲ್ಲದ ಗಡಸುತನ ಕೇಳುವವರ ಕಿವಿಗೆ ತಟ್ಟುವ ಸಾಧ್ಯತೆಯಿದೆ. ‘ಯೌ ಗನ’ ಎಂಬುದು ಗಲಾಟೆ ಮಾಡುವ ಮಕ್ಕಳನ್ನು ಸುಮ್ಮನಾಗಿಸುವ, ವಾದವನ್ನು ಅಲ್ಲಿಗೇ ನಿಲ್ಲಿಸುವ ಮಾತು. ಇದೇ ಪದಕ್ಕೆ ‘ಸಾಕಷ್ಟು’ ಎಂಬ ಸೌಮ್ಯವಾದ ಅರ್ಥವೂ ಇರುವುದರಿಂದ ‘ಗನ ಗೆರಾಯ್’ ಎಂದರೆ ‘ಸಾಕಷ್ಟು ಚೆನ್ನಾಗಿದೆ’ ಎಂದಾಗುತ್ತದೆ. ಹೊಸಬರು ಗನ ಎಂಬುದನ್ನು ಆ ಬಳಕೆಗೆ ಮಾತ್ರ ಇಟ್ಟುಕೊಳ್ಳುವುದು ಒಳ್ಳೆಯದು.

ನಿತ್ಯದ ಬಳಕೆಗೆ ತಕ್ಕ ಪದ ‘ಉಶ್ತೆಕ್ಸ್’. ಇದು ‘ಸಾಕಾಗುತ್ತದೆ’ ಎಂಬ ಭವಿಷ್ಯತ್ ರೂಪ, ವರ್ತಮಾನದಲ್ಲಿ ‘ಉಶ್ತೆಂಕ’. ಬರವಣಿಗೆಯಲ್ಲಿ ನಡುವೆ ಇರುವ ಝಕಾರದಂಥ ಅಕ್ಷರ ಅದರ ಮುಂದಿನ ತಕಾರದಿಂದಾಗಿ ಶಕಾರದಂತೆ ಕೇಳಿಸುತ್ತದೆ, ಆದ್ದರಿಂದ ಓದಿ ಕಲಿತವರೂ ಒಮ್ಮೆ ಕಿವಿಗೊಟ್ಟು ಕೇಳಬೇಕು. ಯಾರಾದರೂ ಲೋಟಕ್ಕೆ ಹಣ್ಣಿನ ರಸ ಸುರಿಯುತ್ತಿರುವಾಗ, ತಟ್ಟೆಗೆ ಇನ್ನೊಂದು ತ್ಸೆಪೆಲಿನಾಯ್, ಅಂದರೆ ಆಲೂಗಡ್ಡೆಯ ಕಡುಬು, ಹಾಕಲು ಚಮಚ ಎತ್ತಿರುವಾಗ ‘ಆಚ್ಯೂ, ಉಶ್ತೆಕ್ಸ್’ ಎಂದರೆ, ಧನ್ಯವಾದವೂ ಮಿತಿಯೂ ಒಂದೇ ಉಸಿರಿನಲ್ಲಿ ಮುಟ್ಟುತ್ತವೆ. ‘ಮನ್ ಉಶ್ತೆಕ್ಸ್’ ಎಂದರೆ ‘ನನಗೆ ಸಾಕು’. ನಾವು ‘ನಾನು’ ಎನ್ನದೆ ‘ನನಗೆ’ ಎನ್ನುವಂತೆಯೇ ಅವರೂ ಇಲ್ಲಿ ಚತುರ್ಥಿ ವಿಭಕ್ತಿಯನ್ನೇ ಬಳಸುವುದರಿಂದ ಕನ್ನಡಿಗರಿಗೆ ಈ ವಾಕ್ಯ ಕಷ್ಟವಾಗಬಾರದು. ‘ಆಚ್ಯೂ’ ಎಂದು ಮಾತ್ರ ಹೇಳಿ ಸುಮ್ಮನಾಗಬೇಡಿ. ಬೇಕೆಂದೋ ಬೇಡವೆಂದೋ ಎದುರಿನವರಿಗೆ ತಿಳಿಯದೆ ಚಮಚ ಗಾಳಿಯಲ್ಲೇ ನಿಲ್ಲಬಹುದು.

ನಾನು ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳಬಯಸುವುದು ‘ನೆಬೆ’ ಎಂಬ ಪೂರ್ವಪ್ರತ್ಯಯದ ಬಗ್ಗೆ. ‘ನೆನೋರ್ಯು’ ಎಂದರೆ ‘ನನಗೆ ಇಷ್ಟವಿಲ್ಲ, ಬೇಡ’. ‘ನೆಬೆನೋರ್ಯು’ ಎಂದರೆ ‘ಇನ್ನು ಬೇಡ’. ಮೊದಲನೆಯದು ಕೊಟ್ಟದ್ದನ್ನೇ ದೂರ ತಳ್ಳಿದಂತೆ ಕೇಳಿಸಬಹುದು, ಎರಡನೆಯದರಲ್ಲಿ ಇಲ್ಲಿಯವರೆಗೆ ಪಡೆದುಕೊಂಡೆನೆಂಬ ಒಪ್ಪಿಗೆ ಅಡಗಿದೆ. ಹೀಗೆಯೇ ‘ನೆಬೆರೇಯ್ಕ್ಯ, ಆಚ್ಯೂ’ ಎಂದರೆ ಇನ್ನು ಅಗತ್ಯವಿಲ್ಲವೆಂದೂ, ‘ಲಬಾಯ್ ಸ್ಕನು, ಬೆತ್ ದೌಗ್ಯೌ ನೆಬೆಗಲ್ಯು’ ಎಂದರೆ ಬಹಳ ರುಚಿಯಾಗಿದೆ, ಆದರೆ ಇನ್ನು ಆಗದೆಂದೂ ಅರ್ಥ. ಹಿರಿಯರಿಗೆ, ಅಪರಿಚಿತರಿಗೆ ಬಹುವಚನದಲ್ಲಿಯೇ ಹೇಳಬೇಕು: ‘ನೆಬೆದೇಕಿತೆ’ ಎಂದರೆ ‘ಇನ್ನು ಹಾಕಬೇಡಿ’, ‘ನೆಬೆಪಿಲ್ಕಿತೆ’ ಎಂದರೆ ‘ಇನ್ನು ಸುರಿಯಬೇಡಿ’. ಹೊಟ್ಟೆ ತುಂಬಿತೆನ್ನುವಾಗ ಗಂಡಸರು ‘ಅಶ್ ಯೌ ಸೊತುಸ್’ ಎನ್ನಬೇಕು, ಹೆಂಗಸರು ‘ಅಶ್ ಯೌ ಸೊತಿ’ ಎನ್ನಬೇಕು.

ಊಟದ ರೂಢಿಯ ಬಗ್ಗೆಯೂ ಸ್ವಲ್ಪ ತಿಳಿದಿರಬೇಕು. ಹಳ್ಳಿಯ ಮನೆಗಳಲ್ಲಿ, ಹಿರಿಯರಿರುವ ಕಡೆ ‘ವಲ್ಗೀಕಿತೆ, ವಲ್ಗೀಕಿತೆ’, ಅಂದರೆ ‘ತಿನ್ನಿ, ತಿನ್ನಿ’, ಎಂಬ ಒತ್ತಾಯ ನಮ್ಮ ಮದುವೆ ಪಂಕ್ತಿಯ ಉಪಚಾರವನ್ನೇ ನೆನಪಿಸುತ್ತದೆ. ಆದರೆ ಸಹೋದ್ಯೋಗಿಗಳ ನಡುವೆ, ಯುವಜನರ ನಡುವೆ ಒಮ್ಮೆ ಬೇಡವೆಂದರೆ ಅದನ್ನೇ ನಂಬುತ್ತಾರೆ. ಸಂಕೋಚಕ್ಕೆ ಮೊದಲು ಬೇಡವೆಂದು, ಎರಡನೆಯ ಕರೆಗಾಗಿ ಕಾಯುವ ನಮ್ಮ ಅಭ್ಯಾಸ ಅಲ್ಲಿ ನಡೆಯದು. ಡಿಸೆಂಬರ್ 24ರ ಕೂಚ್ಯೋಸ್, ಅಂದರೆ ಕ್ರಿಸ್‌ಮಸ್ ಮುನ್ನಾದಿನದ, ರಾತ್ರಿಯ ಊಟಕ್ಕೆ ಕರೆ ಬಂದರೆ ಅದನ್ನು ದೊಡ್ಡ ಆದರವೆಂದು ತಿಳಿಯಿರಿ. ಅಂದು ಸಂಪ್ರದಾಯದಂತೆ 12 ಬಗೆಯ ಭಕ್ಷ್ಯಗಳಿರುತ್ತವೆ, ಮಾಂಸವಿರುವುದಿಲ್ಲ, ಎಲ್ಲವನ್ನೂ ರುಚಿ ನೋಡುವುದು ವಾಡಿಕೆ. ಆದ್ದರಿಂದ ಕೊನೆಯಲ್ಲಿ ‘ಉಶ್ತೆಕ್ಸ್’ ಎನ್ನುವುದಕ್ಕಿಂತ ಮೊದಲಿನಿಂದಲೇ ‘ತ್ರುಪುತೀ’, ಅಂದರೆ ‘ಸ್ವಲ್ಪ’, ಎಂದು ಹೇಳಿ ಬಡಿಸಿಕೊಳ್ಳಿ. ಹೆರಿಂಗ್ ಮೀನು ಅಂದಿನ ಮೇಜಿನಲ್ಲಿ ಸಾಮಾನ್ಯ. ಸಸ್ಯಾಹಾರಿಗಳು ‘ನೆವಲ್ಗೌ ನೇಯ್ ಮೇಸೊಸ್, ನೇಯ್ ಝುವಿಯೆಸ್’, ಅಂದರೆ ಮಾಂಸವನ್ನೂ ಮೀನನ್ನೂ ತಿನ್ನುವುದಿಲ್ಲವೆಂದು, ಕರೆ ಒಪ್ಪಿಕೊಳ್ಳುವಾಗಲೇ ತಿಳಿಸಿದರೆ ಅಡುಗೆ ಮಾಡುವವರಿಗೆ ಉಪಕಾರವಾಗುತ್ತದೆ. ಮದ್ಯ ಮುಟ್ಟದವರಿಗೆ ‘ಆಚ್ಯೂ, ಅಶ್ ನೆಗೆರ್ಯು’ ಎಂಬಷ್ಟು ಸಾಕು, ಕಾರಣ ವಿವರಿಸಬೇಕಿಲ್ಲ. ಊಟ ಮುಗಿಸಿ ನೀವು ಆಚ್ಯೂ ಎಂದಾಗ ಬರುವ ‘ಈ ಸ್ವೇಯ್ಕಾತ’ ಎಂಬ ಉತ್ತರ ನಿಮ್ಮ ಆರೋಗ್ಯಕ್ಕೆಂಬ ಹಾರೈಕೆ.

ಅಂಗಡಿಯಲ್ಲಿ ಕೆಲಸ ಸುಲಭ. ‘ಮೈಶೆಲ್ಯೊ ರೇಯ್ಕ್ಯ?’ ಎಂದು ಚೀಲ ಬೇಕೇ ಎಂದು ಕೇಳಿದರೆ ‘ನೆರೇಯ್ಕ್ಯ, ಆಚ್ಯೂ’, ‘ವಿಸ್ಕಸ್?’, ಅಂದರೆ ‘ಇಷ್ಟೇನಾ?’, ಎಂದು ಕೇಳಿದರೆ ‘ವಿಸ್ಕಸ್, ಆಚ್ಯೂ’. ವಿಲ್ನಿಯಸ್‌ನ ಹಾಲೇಸ್ ಮಾರುಕಟ್ಟೆಯಂಥ ಕಡೆ ಚೀಸ್ ಕತ್ತರಿಸುತ್ತ, ತೂಗುತ್ತ ‘ತಿಯೆಕ್ ಉಶ್ತೆಕ್ಸ್?’, ಅಂದರೆ ‘ಇಷ್ಟು ಸಾಕೇ?’, ಎಂದು ಕೇಳಿದಾಗ ‘ತೈಪ್, ಉಶ್ತೆಕ್ಸ್’, ‘ಹೌದು, ಸಾಕು’, ಎಂದರಾಯಿತು. ಕ್ಷೌರದಂಗಡಿಯಲ್ಲೂ ಇದೇ ಪ್ರಶ್ನೆ, ಇದೇ ಉತ್ತರ. ಇನ್ನೂ ಗಿಡ್ಡವಾಗುವುದು ಬೇಡವಾದರೆ ‘ತ್ರುಂಪ್ಯೌ ನೆರೇಯ್ಕ್ಯ’ ಎನ್ನಿ. ಏನನ್ನಾದರೂ ಮಾರಲು ಫೋನ್ ಮಾಡಿದವರಿಗೆ ‘ಆಚ್ಯೂ, ನೆದೊಮಿನ’, ನನಗೆ ಆಸಕ್ತಿಯಿಲ್ಲ, ಎಂದು ಹೇಳಿ ಫೋನ್ ಇಡುವುದನ್ನು ಇಲ್ಲಿ ಅಸಭ್ಯವೆಂದು ಎಣಿಸುವುದಿಲ್ಲ.

ಕಚೇರಿ ವ್ಯವಹಾರಕ್ಕೂ ಬರವಣಿಗೆಗೂ ಸ್ವಲ್ಪ ಗಂಭೀರವಾದ ‘ಪಕಂಕ’ ಎಂಬ ಪದವಿದೆ, ಅದರ ಭವಿಷ್ಯತ್ ರೂಪ ‘ಪಕಕ್ಸ್’. ವಾಸದ ಪರವಾನಗಿಗಾಗಿ ವಲಸೆ ಇಲಾಖೆಗೆ ಹೋದಾಗ ‘ಅರ್ ಪಕಂಕ ಶ್ಯೂ ದೊಕುಮೆಂತೂ?’, ಅಂದರೆ ‘ಈ ದಾಖಲೆಗಳು ಸಾಕೇ?’, ಎಂದು ಕಿಟಕಿಯ ಮುಂದಿನಿಂದ ಏಳುವ ಮೊದಲೇ ಕೇಳಿ. ‘ನೆಪಕಂಕ’ ಎಂಬ ಉತ್ತರ ಬಂದರೆ ಯಾವ ಕಾಗದ ಕಡಿಮೆಯಿದೆಯೆಂದು ಅಲ್ಲಿಯೇ ಬರೆಸಿಕೊಳ್ಳಿ.